ನಿಂತುಹೋದ ಹಲ್ಲುನೋವು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಲವತ್ತು ದಾಟಿದ ಮಹಿಳೆ. ನಿದ್ದೆ ಬರಲ್ಲ, ಸಣ್ಣದಕ್ಕೂ ಮಕ್ಕಳ ಮೇಲೆ ರೇಗುತ್ತೇನೆ ಎಂದು ಬಂದಿದ್ದರು. ಸಕ್ಕರೆ ಕಾಯಿಲೆಯೂ ಇತ್ತು. ಮಾತ್ರೆ ತಪ್ಪಿಸದಿದ್ದರೂ ಶುಗರ್ ಹತೋಟಿಗೆ ಬರುತ್ತಿರಲಿಲ್ಲ. ಮಾತಾಡುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಸುಮ್ಮನಿದ್ದಾಗ ಅದೇ ಅಂಗೈ ಬಲಗೆನ್ನೆಯನ್ನು ಒತ್ತುತ್ತಿತ್ತು.

"ಹಲ್ಲಿನ ತೊಂದರೆ ಏನಾದ್ರೂ ಇದೆಯಾ?" ಎಂದು ಕೇಳಿದೆ.

"ದವಡೆ ಹಲ್ಲು ಹುಳುಕಾಗಿದೆ ಮೇಡಂ. ಮೊದಲು ಪ್ರಾಣ ಹೋಗೋ ಹಾಗೆ ನೋಯ್ತಿತ್ತು. ಆಮೇಲೆ ತಾನಾಗೇ ನಿಂತಿತು. ಈಗ ರಾತ್ರಿ ಮಲಗಿದಾಗ ಮಾತ್ರ ಭಾರ ಭಾರ ಅನ್ಸುತ್ತೆ. ವಸಡಲ್ಲಿ ಗುಳ್ಳೆ ಎದ್ದು ಕೀವು ಬರುತ್ತೆ, ಹೋಗುತ್ತೆ."

ದಿನಾ ರಾತ್ರಿ ನೋವಿನ ಮಾತ್ರೆ ನುಂಗುತ್ತಿದ್ದರು. ಡಾಕ್ಟರಿಗೆ ತೋರಿಸಿರಲಿಲ್ಲ. ಚಿಕ್ಕಂದಿನಲ್ಲಿ ಹಿಡಿದು ಕೂರಿಸಿ ಹಲ್ಲು ಕಿತ್ತಿದ್ದರಂತೆ, ಆ ಭಯ. ಜೊತೆಗೆ, ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಬೈತಾರೆ ಎಂಬ ನಾಚಿಕೆ.

ನಾಚಿಕೆಯಿಂದಲೇ ಶುರು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಹುಳುಕಿದೆ. ದಂತವೈದ್ಯರು ದಿನವಿಡೀ ನೋಡುವುದೇ ಇದನ್ನು ಅಲ್ವಾ?

ಆಮೇಲೆ ಹಲ್ಲಿನ ವಿಷಯ. ನೋವು ನಿಂತರೆ ವಾಸಿಯಾಯಿತು ಅಂತಲ್ಲ. ಒಳಗಿನ ನರ ಸತ್ತರೂ ನೋವು ನಿಲ್ಲುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿಯುತ್ತಿರುತ್ತದೆ. ಕೀವು ಹೊರಗೆ ಹರಿಯುವುದರಿಂದ ಒತ್ತಡ ಕಡಿಮೆ, ಅದಕ್ಕೇ ಜಾಸ್ತಿ ನೋಯುವುದಿಲ್ಲ. ಸೋಂಕಿದ್ದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಶುಗರ್ ಏರಬಹುದು. ಶುಗರ್ ಏರಿದರೆ ಸೋಂಕು ಬೇಗ ಮಾಯುವುದಿಲ್ಲ. ಇವರು ಸಿಕ್ಕಿಕೊಂಡಿದ್ದು ಈ ಸುಳಿಯಲ್ಲೇ ಇರಬಹುದು ಅನ್ನಿಸಿತು. ಹೃದಯದ ಕವಾಟದ ತೊಂದರೆ ಇದೆಯಾ ಎಂದೂ ಕೇಳಿದೆ. ಇರಲಿಲ್ಲ. ಇದ್ದವರಲ್ಲಿ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೃದಯದ ಒಳಪದರಕ್ಕೇ ಸೋಂಕು ತಗಲಬಹುದು. ಅಪರೂಪ, ಆದರೆ ಜೀವಕ್ಕೆ ಕುತ್ತು.

ಮನೆಯಲ್ಲಿದ್ದ ಹಳೇ ಆಂಟಿಬಯೋಟಿಕ್ ನುಂಗಲೇ ಎಂದು ಕೇಳಿದರು. ಬೇಡ ಎಂದೆ. ಕೀವಿನ ಮೂಲ ಹಲ್ಲಿನೊಳಗಿದೆ, ರೂಟ್ ಕೆನಾಲ್ (ಹಲ್ಲಿನ ಒಳಗನ್ನು ಸ್ವಚ್ಛ ಮಾಡಿ ತುಂಬುವುದು) ಮಾಡಬೇಕು ಇಲ್ಲವೇ ಹಲ್ಲು ಕೀಳಬೇಕು. ದಿನಾ ನುಂಗುವ ನೋವಿನ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ಒಳ್ಳೆಯದಲ್ಲ, ಅದನ್ನು ಶುಗರ್ ಡಾಕ್ಟರಿಗೆ ಹೇಳಲೇಬೇಕು. ಮುಖ, ಕತ್ತು ಊದಿಕೊಂಡರೆ, ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ ಎಂದೆ.

ಭಯಕ್ಕೆ ಬುದ್ಧಿಮಾತು ಸಾಲದು. ದಂತವೈದ್ಯರಿಗೆ ಫೋನಿನಲ್ಲಿ ಹೇಳಬೇಕಾದ ಮಾತನ್ನು ನನ್ನೆದುರೇ ಹೇಳಿಸಿದೆ: "ನಂಗೆ ತುಂಬಾ ಭಯ. ಸಕ್ಕರೆ ಕಾಯಿಲೆ ಇದೆ. ಮೊದಲ ದಿನ ಬರೀ ನೋಡಿ, ಸಾಕು." ಎಡಗೈ ಎತ್ತಿದರೆ ನಿಲ್ಲಿಸಬೇಕು ಎಂದು ಡಾಕ್ಟರ ಜೊತೆ ಮೊದಲೇ ಮಾತಾಡಿಕೊಳ್ಳುವುದು, ತಂಗಿಯನ್ನು ಜೊತೆಗೆ ಕರೆದೊಯ್ಯುವುದು, ಇವೆರಡೂ ಅವರಿಗೆ ಹಿಡಿಸಿದವು.

ಹಲ್ಲು ಉಳಿಯಲಿಲ್ಲ, ಕೀಳಿಸಬೇಕಾಯಿತು. ಯಾರೂ ಬೈಯಲಿಲ್ಲವಂತೆ. ಈಗ ನಿದ್ದೆ ಬರುತ್ತಿದೆ, ಶುಗರ್ ಇಳಿಮುಖವಾಗಿದೆ. ಸಿಡುಕಿಗೆ ಬೇರೆ ಕಾರಣಗಳೂ ಇವೆ. ಅದರ ಬಗ್ಗೆ ನಮ್ಮ ಮಾತುಕತೆ ಮುಂದುವರಿದಿದೆ.