ಸಿ ಪ್ಲಸ್ ಪ್ಲಸ್ ಲೈಬ್ರರಿನ ಪೈಥಾನ್‌ಗೂ ಕೊಡ್ಬೇಕು, ಪೈಬೈಂಡ್11, ಸ್ವಿಗ್, ಸಿಟೈಪ್ಸ್‌ನಲ್ಲಿ ಯಾವ್ದು ಹಿಡೀಲಿ?

ಮೂರೂ ಪೈಥಾನಿಂದ ಸಿ ಪ್ಲಸ್ ಪ್ಲಸ್ ಕೋಡ್ ಕರೆಯೋಕೆ ಸೇತುವೆ ಹಾಕೋ ಟೂಲ್‌ಗಳು. ನಾನೂ ಇದೇ ಮೂರು ಹೆಸ್ರು ಇಟ್ಕೊಂಡು ಎರಡು ವಾರ ತಲೆ ಕೆಡಿಸ್ಕೊಂಡಿದ್ದೆ ಗುರು. ಹೊಡೆತ ಬಿದ್ದಿದ್ದು ಬೇರೆ ಕಡೆಯಿಂದ.

ಕೋಲಾರದ ಟೊಮೇಟೊ ಮಾರ್ಕೆಟ್ಟಲ್ಲಿ ಒಂದು ಮಂಡಿಗೆ ಚೀಟಿ ಓದೋ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಒಂದು ಸಾಲಲ್ಲಿ ಊರು, ಎಷ್ಟು ಬಾಕ್ಸು, ಬಾಕ್ಸಿಗೆ ರೇಟು, ಅಷ್ಟೇ. ಸಾಲು ಬಿಡಿಸೋದು ಸಿ ಪ್ಲಸ್ ಪ್ಲಸ್, ಬಿಲ್ಲು ಹಾಕೋದು ಪೈಥಾನ್. ಎಕ್ಸ್‌ಟರ್ನ್ ಸಿ ಹಾಕಿ ಫಂಕ್ಷನ್ ಹೆಸರು ಮ್ಯಾಂಗಲ್ ಆಗ್ದಂಗೆ, ಅಂದ್ರೆ ಕಂಪೈಲರ್ ಅದನ್ನ ತಿರುಚದಂಗೆ ನೋಡ್ಕೊಂಡೆ, ಸಿಟೈಪ್ಸಲ್ಲಿ ಲೋಡ್ ಮಾಡ್ದೆ, ಓಡ್ತು. ಲೈಬ್ರರಿ ವಾಪಸ್ ಕೊಡ್ತಿದ್ದಿದ್ದು ಎರಡೇ ನಂಬರು, ರೇಟು ಎಲ್ಲಿ ಶುರು, ಎಲ್ಲಿ ಮುಗೀತು ಅಂತ. ಆ ಜಾಗ ಕತ್ತರಿಸ್ಕೊಳ್ಳೋದು ಪೈಥಾನ್ ಕೆಲ್ಸ.

ಮೂರನೇ ದಿನ ಬೆಳಿಗ್ಗೆ ಮಂಡಿಯಿಂದ ಫೋನು, "ಸಾಮಿ, ನಿಮ್ ಕಂಪ್ಯೂಟ್ರು ರೈತನಿಗೆ ಸೊನ್ನೆ ರೂಪಾಯಿ ಬಿಲ್ ಕೊಡ್ತಾ ಐತೆ." 40 ಬಾಕ್ಸು, 620 ರೇಟು, 24,800 ಬರ್ಬೇಕಾದ ಕಡೆ ಸೊನ್ನೆ.

ಏನಾಗಿತ್ತು ಅಂದ್ರೆ, 'ಕೋಲಾರ' ಕಣ್ಣಿಗೆ ಮೂರು ಅಕ್ಷರ, ಪೈಥಾನ್ ಕೇಳಿದ್ರೆ ಐದು ಅನ್ನುತ್ತೆ ಯಾಕಂದ್ರೆ ಓತ್ವ ದೀರ್ಘ ಎಲ್ಲ ಬೇರೆ ಬೇರೆ ಎಣಿಸುತ್ತೆ, ಸಿ ಪ್ಲಸ್ ಪ್ಲಸ್ ಕೇಳಿದ್ರೆ ಹದಿನೈದು, ಅಕ್ಷರಗಳನ್ನ ಬೈಟಾಗಿ ಇಡೋ ಯುಟಿಎಫ್-8 ಪದ್ಧತೀಲಿ ಅವು ಒಂದೊಂದಕ್ಕೂ ಮೂರು ಬೈಟು. 'ಕೋಲಾರ 40 620' ಸಾಲಲ್ಲಿ ರೇಟು 19ರಿಂದ 22 (ಎಣಿಕೆ ಸೊನ್ನೆಯಿಂದ, 22 ಸೇರಲ್ಲ) ಅಂತ ಲೈಬ್ರರಿ ಹೇಳ್ತು, ಅದರ ಲೆಕ್ಕದಲ್ಲಿ ಸರಿನೇ. ಪೈಥಾನ್ ಲೆಕ್ಕದಲ್ಲಿ ಆ ಸಾಲೇ 12ಕ್ಕೆ ಮುಗೀತು. ಇಲ್ಲದಿರೋ ಜಾಗ ಕತ್ತರಿಸು ಅಂದ್ರೆ ಪೈಥಾನ್ ಎರರ್ ಕೊಡಲ್ಲ, ತೆಪ್ಪಗೆ ಖಾಲಿ ಸ್ಟ್ರಿಂಗ್ ಕೊಡುತ್ತೆ. ಖಾಲಿ ಇದ್ರೆ ಸೊನ್ನೆ ಅಂತ ಬರ್ದಿದ್ದ ಮಹಾನುಭಾವ ನಾನೇ. ಟೆಸ್ಟಲ್ಲಿ ಊರ ಹೆಸ್ರೆಲ್ಲ ಇಂಗ್ಲಿಷಲ್ಲಿ ಹಾಕಿದ್ದೆ, ಅದ್ರಲ್ಲಿ ಒಂದಕ್ಷರ ಒಂದೇ ಬೈಟು, ಇಬ್ಬರ ಲೆಕ್ಕವೂ ಸರಿಹೋಗ್ತಿತ್ತು. ಕೋಲಾರದಲ್ಲಿ ಕೂತು ಕೋಲಾರನ ಇಂಗ್ಲಿಷಲ್ಲಿ ಟೆಸ್ಟ್ ಮಾಡ್ದೋನಿಗೆ ಇನ್ನೇನಾಗ್ಬೇಕು.

ಹಾಗಾಗಿ ಟೂಲ್ ಯಾವ್ದು ಅನ್ನೋ ಪ್ರಶ್ನೇನೇ ಪಕ್ಕಕ್ಕಿಡಿ. ಪೈಬೈಂಡ್ ಹಾಕಿದ್ರೂ ನಾನು ಉಳೀತಿರ್ಲಿಲ್ಲ, ಅದು ಸ್ಟ್ರಿಂಗನ್ನ ಚೆನ್ನಾಗಿ ಬದಲಾಯಿಸಿ ಕೊಡುತ್ತೆ, ಆದ್ರೆ 19 ಅನ್ನೋದು 19 ಆಗೇ ದಾಟಿ ಬರುತ್ತೆ, ಅದು ಬೈಟಾ ಅಕ್ಷರನಾ ಅಂತ ಅದಕ್ಕೇನು ಗೊತ್ತು? ಗಡಿ ದಾಟೋ ಒಂದೊಂದು ನಂಬರೂ ಯಾವ ಅಳತೆ, ಒಂದೊಂದು ಪಾಯಿಂಟರು (ಮೆಮೊರಿ ವಿಳಾಸ) ತೋರಿಸೋ ಜಾಗನ ಯಾರು ಫ್ರೀ ಮಾಡ್ಬೇಕು, ಮೊದ್ಲು ಅದನ್ನ ಬರ್ಕೊಳ್ಳಿ. ನಾನೀಗ ಜಾಗ ಕೊಡೋದೇ ಬಿಟ್ಟಿದ್ದೀನಿ, ಸಿ ಪ್ಲಸ್ ಪ್ಲಸ್ಸಲ್ಲೇ ಕತ್ತರಿಸಿ ತುಂಡು ಕೊಡ್ತೀನಿ.

ಟೂಲ್ ಬೇಕೇ ಬೇಕು ಅಂದ್ರೆ, ನಾಲ್ಕೈದು ಫಂಕ್ಷನ್ ಇದ್ರೆ ಸಿಟೈಪ್ಸ್ ಸಾಕು, ಕ್ಲಾಸುಗಳು ಜಾಸ್ತಿ ಇದ್ರೆ ಪೈಬೈಂಡ್. ಸ್ವಿಗ್ 1996ರಿಂದ ಇದೆ, ಜಾವಾ ರೂಬಿ ಅಂತ ಇನ್ನೂ ಭಾಷೆ ಸೇರಿಸೋದಿದ್ರೆ ನೋಡಿ. ಸಿಟೈಪ್ಸಲ್ಲಿ ಪಾಯಿಂಟರ್ ವಾಪಸ್ ಬರೋ ಫಂಕ್ಷನ್‌ಗೆ ರೆಸ್‌ಟೈಪ್ (ವಾಪಸ್ ಬರೋದು ಯಾವ ಬಗೆ ಅಂತ ಹೇಳೋದು) ಹಾಕೋದು ಮರೀಬೇಡಿ, ಇಲ್ಲಾಂದ್ರೆ ಅದು ಇಂಟ್, ಅಂದ್ರೆ 32 ಬಿಟ್ ನಂಬರು ಅಂದ್ಕೊಂಡು 64 ಬಿಟ್ ವಿಳಾಸನ ಅರ್ಧಕ್ಕೆ ಕತ್ತರಿಸಿ ಹಾಕುತ್ತೆ, ಪ್ರೋಗ್ರಾಂ ಅಲ್ಲೇ ಸತ್ತು ಬೀಳೋ ಸೆಗ್‌ಫಾಲ್ಟು ಯಾವತ್ತು ಬರುತ್ತೆ ಅಂತ ಹೇಳೋಕಾಗಲ್ಲ.