ಗೆಳೆಯರ ಭಾವಚಿತ್ರಕ್ಕೆ ಜೀವ ತುಂಬುವುದು ಹೇಗೆ?

ಪ್ರಶ್ನೆ: ಮೊಬೈಲಿನ ಫೋಟೋ ನೋಡಿ ಗೆಳೆಯರ ಭಾವಚಿತ್ರ ಬರೆಯುತ್ತೇನೆ. ಹೋಲಿಕೆ ಬರುತ್ತದೆ, ಜೀವ ಬರುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಕುಂಬಳೆ, ಕಾಸರಗೋಡು

ಉತ್ತರ: ಫೋಟೋವನ್ನು ಬದಿಗಿಟ್ಟು ಗೆಳೆಯರನ್ನೇ ಎದುರಿಗೆ ಕೂರಿಸಿಕೊಳ್ಳಿ. ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ ತಮ್ಮ ಗೆಳೆಯರನ್ನೂ ಬಂಧುಗಳನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿ, ಒಂದೇ ಅಳತೆಯ ಕ್ಯಾನ್ವಾಸಿನ ಮೇಲೆ, ಹೆಚ್ಚುಕಡಿಮೆ ಮೂರು ದಿನಗಳಲ್ಲಿ ಒಬ್ಬೊಬ್ಬರ ಚಿತ್ರವನ್ನು ಅಕ್ರಿಲಿಕ್ ಬಣ್ಣದಲ್ಲಿ ಮುಗಿಸಿದರು. ಅಂಥ 82 ಭಾವಚಿತ್ರಗಳು 2016ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡವು. ಕುರ್ಚಿ ಬದಲಾಗದ ಕಾರಣ, ಒಬ್ಬರು ಕಾಲ ಮೇಲೆ ಕಾಲು ಹಾಕುವ, ಇನ್ನೊಬ್ಬರು ಬೆರಳು ಹೆಣೆದುಕೊಳ್ಳುವ ರೀತಿಯೇ ಎದ್ದು ಕಾಣುತ್ತದೆ. ಕುಳಿತವರು ಮೊದಮೊದಲು ಬಿಗಿಯಾಗಿಯೇ ಇರುತ್ತಾರೆ (ನಮ್ಮ ಕಡೆ ಇದು ತುಸು ಹೆಚ್ಚೇ). ಹೆಗಲು ಸಡಿಲವಾದ ಮೇಲೆ ಗೆರೆ ಎಳೆಯಿರಿ. ನಿಮ್ಮ ಮನೆಯ ಜಗಲಿಯಲ್ಲಿ ಒಂದು ಬದಿಯಿಂದ ಬೀಳುವ ಬೆಳಕೇ ಸಾಕು, ಆದರೆ ದಿನವೂ ಅದೇ ಹೊತ್ತಿಗೆ ಬರುವಂತೆ ಹೇಳಿ.