ಆ ರಾತ್ರಿಯ ಜ್ವರ ಡಾಕ್ಟರಿಗೆ ಗೊತ್ತಿದೆಯೇ?

ಗಂಗಾವತಿಯ ತಂಗಿ,

ನಿನ್ನ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆ. ಈ ವಾರ ಇದೊಂದಕ್ಕೇ ಉತ್ತರ.

ಓದುಗರಿಗೆ ವಿಷಯ ಇಷ್ಟು. ಈ ಹೆಣ್ಣುಮಗಳಿಗೆ 34 ವಯಸ್ಸು, ಇಬ್ಬರು ಮಕ್ಕಳು. ಕುತ್ತಿಗೆಯ ಗಂಟು ಕರಗಲೇ ಇಲ್ಲವೆಂದು ತೋರಿಸಿದಾಗ ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. 21 ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಆರ್-ಚಾಪ್ ಎನ್ನುವ ಕೀಮೋ ತಗೊಳ್ಳುತ್ತಾಳೆ. ಆರರಲ್ಲಿ ಮೂರು ಮುಗಿದಿವೆ, ತಲೆಗೂದಲು ಪೂರ್ತಿ ಹೋಗಿದೆ. ನಾಲ್ಕನೆಯದಾದ ಹತ್ತನೇ ದಿನಕ್ಕೆ ಮೈದುನನ ಮದುವೆ. ನಾದಿನಿ, ಅಂದರೆ ಗಂಡನ ಅಕ್ಕ, ಹೇಳಿದ್ದಾಳಂತೆ: "ಟೈಫಾಯ್ಡ್ ಆಗಿ ಕೂದ್ಲ ಉದುರ್ಯಾವ ಅಂತ ಹೇಳು. ಕ್ಯಾನ್ಸರ್ ಅನ್ನೋದು ಹೆಣ್ಣಿನ ಕಡಿಯವರ ಕಿವಿಗೆ ಬಿದ್ದರ ಸಂಬಂಧ ಮುರೀತದ. ಇಲ್ಲಾಂದ್ರ ಈ ಸಲದ ಕೀಮೋ ಒಂದ್ ವಾರ ಮುಂದ ಹಾಕು." ವಿಗ್ ಹಾಕಿಕೊಂಡು ಮದುವೆಗೆ ಹೋಗಲೋ, ತವರಿಗೆ ಹೋಗಿ ಕೂರಲೋ ಎಂಬುದು ಇವಳ ಪ್ರಶ್ನೆ.

ತಂಗಿ, ನಾಲ್ಕು ಪುಟ ಕೂದಲು ಮತ್ತು ಮದುವೆಯ ಬಗ್ಗೆಯೇ ಬರೆದಿದ್ದೀಯ. ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು ಇದೆ. ನಿಶ್ಚಯದ ದಿನ ರಾತ್ರಿ ಚಳಿ ಬಂದು ಜ್ವರ ಏರಿತ್ತು, ಮನೆ ತುಂಬ ಬೀಗರಿದ್ದರು, ನಾದಿನಿ ಡೋಲೊ ಮಾತ್ರೆ ಕೊಟ್ಟು ಒಳಕೋಣೆಯಲ್ಲಿ ಮಲಗಿಸಿದಳು, ಬೆಳಗಾಗುವಷ್ಟರಲ್ಲಿ ಇಳಿಯಿತು, "ಅದೇನ್ ದೊಡ್ಡದಲ್ಲ ಬಿಡ್ರಿ ಅಕ್ಕ." ಅದು ಎರಡನೇ ಕೀಮೋ ಆದ ಒಂಬತ್ತನೇ ದಿನ ಎಂದೂ ನೀನೇ ಬರೆದಿದ್ದೀಯ.

ನಿನ್ನ ಪತ್ರದಲ್ಲಿ ದೊಡ್ಡದು ಅಂತ ಇರುವುದು ಅದೊಂದೇ.

ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದ ನಡುವೆ ರಕ್ತದಲ್ಲಿ ಬಿಳಿಕಣಗಳು ತೀರ ಕೆಳಗಿಳಿಯುತ್ತವೆ. ಸೋಂಕಿನ ವಿರುದ್ಧ ಮೊದಲು ಓಡಿ ಬರುವ ನ್ಯೂಟ್ರೋಫಿಲ್‌ ಎಂಬ ಕಣಗಳೇ ಆ ದಿನಗಳಲ್ಲಿ ತೀರ ಕಡಿಮೆಯಾಗಿಬಿಡುತ್ತವೆ. ಗಾಯ ಕೀವಾಗುವುದು, ಊದುವುದು, ಗಂಟಲು ಕೆಂಪಾಗುವುದು ಎಲ್ಲ ಆ ಕಣಗಳ ಕೆಲಸದಿಂದಲೇ ಕಾಣುವ ಗುರುತುಗಳು. ಕಣಗಳು ಅಷ್ಟು ಕಡಿಮೆಯಾದಾಗ ಒಳಗೆ ಸೋಂಕು ಹಬ್ಬುತ್ತಿದ್ದರೂ ಹೊರಗೆ ಏನೂ ಕಾಣದಿರಬಹುದು. ಎಷ್ಟೋ ಸಲ ಜ್ವರ ಒಂದೇ ಸುಳಿವು. ಡೋಲೊ ಆ ಸುಳಿವನ್ನೂ ಅಳಿಸುತ್ತದೆ. ಮೈ ತಣ್ಣಗಾಗುತ್ತದೆ, ಸೋಂಕು ರಕ್ತದಲ್ಲಿ ಬೆಳೆಯುತ್ತಲೇ ಇರುತ್ತದೆ, ಕೆಲವೇ ತಾಸಿನಲ್ಲಿ ಬಿಪಿ ಕುಸಿದು ಜೀವಕ್ಕೆ ಕುತ್ತು ಬರಬಹುದು. ಆ ರಾತ್ರಿ ನೀನು ಉಳಿದದ್ದು ನಿನ್ನ ಪುಣ್ಯ. ಮಾತ್ರೆಯಿಂದ ಉಳಿದೆ ಅಂತ ಮಾತ್ರ ತಿಳಿಯಬೇಡ.

ನಿನ್ನ ನಾದಿನಿಯ ಮೇಲೆ ನನಗೆ ಸಿಟ್ಟಿದೆ. ಅದನ್ನು ಮುಚ್ಚಿಡುವುದಿಲ್ಲ. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ: ಮನೆಯ ಮರ್ಯಾದೆ ಕಾಯುವ ಕೆಲಸವನ್ನು ಯಾವಾಗಲೂ ಮನೆಯ ಸೊಸೆಯ ಮೈಮೇಲೆ ಹಾಕುತ್ತಾರೆ. ಟೈಫಾಯ್ಡ್ ಎಂಬ ಸುಳ್ಳಿನಿಂದಲೇ ಆ ರಾತ್ರಿಯ ಜ್ವರವನ್ನೂ ಮುಚ್ಚಿಡಬೇಕಾಯಿತು. ಬೀಗರ ಎದುರಿಗೆ ನಿನ್ನನ್ನು ಗಾಡಿಯಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ದಿದ್ದರೆ ಗುಟ್ಟು ಬಯಲಾಗುತ್ತಿತ್ತಲ್ಲ. ಸಂಬಂಧ ಮುರಿಯುವ ಭಯಕ್ಕಾದರೂ ಅರ್ಥವಿದೆಯೇ? ಈ ರೋಗ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ನೀನು ಆ ಮನೆಗೆ ಹೊರಗಿನಿಂದ ಬಂದವಳು, ಸೋದರ ಸಂಬಂಧವೂ ಅಲ್ಲ ಎಂದು ನೀನೇ ಬರೆದಿದ್ದೀಯ. ನಿನ್ನ ಗಂಟಿಗೂ ಮೈದುನನ ರಕ್ತಕ್ಕೂ ಏನು ಸಂಬಂಧ? ಕೀಮೋ ಮುಂದೆ ಹಾಕು ಎನ್ನುವ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಬೇಡ. ಇದು ಪೂರ್ತಿ ಗುಣವಾಗಲಿ ಎಂದೇ ಕೊಡುವ ಚಿಕಿತ್ಸೆ. 21 ದಿನದ ಲೆಕ್ಕ ಬದಲಿಸಬೇಕಾದರೆ ಅದನ್ನು ನಿನ್ನ ಡಾಕ್ಟರೇ ಹೇಳಬೇಕು, ಮದುವೆಯ ಮುಹೂರ್ತ ಹೇಳಬಾರದು.

ನಿನ್ನ ಅತ್ತೆಯ ಮೇಲೆ ನೀನು ಸ್ವಲ್ಪ ಹೆಚ್ಚೇ ಮುನಿಸಿಕೊಂಡಿದ್ದೀಯ ಅನಿಸಿತು. ಬಾಯಿ ಹುಣ್ಣಾದಾಗ ಖಾರವಿಲ್ಲದ ಸಾರು ಬೇರೆ ಮಾಡಿಟ್ಟವರು, ನುಚ್ಚಿನ ಗಂಜಿ ಆರಿಸಿ ಕೊಟ್ಟವರು ಅವರೇ ಅಲ್ಲವೇ? ಅವರಿಗೆ ಮಗಳ ಬಾಯಿಗೆ ಎದುರಾಡಲು ಆಗುವುದಿಲ್ಲ, ಅಷ್ಟೇ. ಆ ಹುಣ್ಣಿಗೆ ಉಪ್ಪು, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸು.

ಕೀಮೋ ಆದ ಮೊದಲ ಐದು ದಿನ ನಿದ್ದೆ ಬರುವುದಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ, ಕೆಟ್ಟ ತಾಯಿಯಾದೆ ಎಂದು ಅತ್ತಿದ್ದೀಯ. ಆ ಐದು ದಿನ ನುಂಗುವ ಪ್ರೆಡ್ನಿಸೋಲೋನ್ ಸ್ಟೀರಾಯ್ಡ್ ಮಾತ್ರೆಯ ಗುಣ ಅದು, ನಿನ್ನದಲ್ಲ. ಅದನ್ನು ಬೆಳಿಗ್ಗೆ ತಿಂಡಿ ತಿಂದ ಮೇಲೆ ನುಂಗಬೇಕು, ಸಂಜೆಗೆ ಉಳಿಸಬಾರದು.

ಇನ್ನೊಂದನ್ನು ನೀನು ನಗುತ್ತ ಬರೆದಿದ್ದೀಯ, ನನಗೆ ನಗು ಬರಲಿಲ್ಲ. ರೊಟ್ಟಿ ಬಡಿಯುವಾಗ ಬೆರಳ ತುದಿಗೆ ಹಿಟ್ಟು ಹತ್ತಿದ್ದೇ ಗೊತ್ತಾಗುವುದಿಲ್ಲ, ಹಂಚಿನ ಮೇಲೆ ನೀರು ಸವರುವಾಗ ಬೆರಳು ಸುಟ್ಟು ಬೊಬ್ಬೆ ಬಂದ ಮೇಲೇ ತಿಳಿಯಿತು ಅಂದಿದ್ದೀಯ. ಕೀಮೋದಲ್ಲಿರುವ ವಿನ್‌ಕ್ರಿಸ್ಟಿನ್ ನರಗಳನ್ನು ಹೀಗೆ ಜೋಮು ಹಿಡಿಸುತ್ತದೆ, ಮಲಬದ್ಧತೆಯೂ ಅದರಿಂದಲೇ. ಹೇಳಿದರೆ ಡಾಕ್ಟರು ಆ ಔಷಧಿಯ ಪ್ರಮಾಣ ತಗ್ಗಿಸುವ ಬಗ್ಗೆ ಯೋಚಿಸುತ್ತಾರೆ. ಹೇಳದಿದ್ದರೆ ಜೋಮು ಹೆಚ್ಚುತ್ತ ಹೋಗಬಹುದು. ಚಿಕಿತ್ಸೆ ಮುಗಿಯುವವರೆಗೆ ಹಂಚಿನ ಹತ್ತಿರ ಹೋಗಬೇಡ. ಸುಟ್ಟ ಬೊಬ್ಬೆಯೂ ಸೋಂಕಿಗೆ ಬಾಗಿಲೇ. ಆ ಮನೆಯಲ್ಲಿ ರೊಟ್ಟಿ ಬಡಿಯಲು ಬೇರೆ ಕೈಗಳಿವೆ.

ಕೂದಲು ಬರುತ್ತದೆ. ಕೀಮೋ ಮುಗಿದು ಎರಡು ಮೂರು ತಿಂಗಳಲ್ಲಿ ಚಿಗುರುವುದು ಕಾಣುತ್ತದೆ. ನಮ್ಮ ಕಡೆಯ ಬಿಸಿಲಿಗೆ ವಿಗ್ ಒಳಗೆ ನೆತ್ತಿ ಬೆಂದುಹೋಗುತ್ತದೆ. ಮೆತ್ತನೆ ಹತ್ತಿ ಬಟ್ಟೆ ಕಟ್ಟಿ ಮೇಲೆ ಸೆರಗು ಹೊದ್ದುಕೋ, ಹಿರಿಯರ ಮುಂದೆ ತಲೆ ಮೇಲೆ ಸೆರಗು ನಮ್ಮಲ್ಲಿ ಹೊಸದಲ್ಲ. ಇಷ್ಟು ಸಾಕು ಕೂದಲಿಗೆ.

ಮದುವೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ನಾದಿನಿಯೂ ಅಲ್ಲ, ನಾನೂ ಅಲ್ಲ. ನಾಲ್ಕನೆಯದರ ಹತ್ತನೇ ದಿನ ಎಂದರೆ ಕಣಗಳು ತಳ ಮುಟ್ಟಿರುವ ದಿನ. ಮದುವೆಯ ಹಿಂದಿನ ದಿನ ರಕ್ತ ಪರೀಕ್ಷೆ ಮಾಡಿಸಿ ಫೋನಿನಲ್ಲಿ ಡಾಕ್ಟರಿಗೆ ಕಳಿಸು. ಅವರು ಹೂಂ ಅಂದರೆ ಅಕ್ಷತೆ ಹೊತ್ತಿಗೆ ಮಾಸ್ಕ್ ಹಾಕಿಕೊಂಡು ಹೋಗಿ ಬಾ. ಪಂಕ್ತಿಯಲ್ಲಿ ಕೂತರೆ ಬಿಸಿ ಅನ್ನ, ಬಿಸಿ ಸಾರು ಮಾತ್ರ. ಹಸಿ ಪಚಡಿ, ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಅಲ್ಲಿಯ ನೀರು ಬೇಡ. ಡಾಕ್ಟರು ಹೋಗಬೇಡ ಅಂದರೆ ಮನೆಯಲ್ಲಿರು, ತವರಿಗೆ ಓಡಬೇಡ.

ನಾನು ಹೇಳುವುದು ಒಂದೇ. ಇವತ್ತು ಔಷಧಿ ಅಂಗಡಿಯಿಂದ ಡಿಜಿಟಲ್ ಥರ್ಮಾಮೀಟರ್ ತರಿಸು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ಇಲ್ಲವೇ ಮೈ ಗಡಗಡ ನಡುಗಿತೋ, ಮಾತ್ರೆ ನುಂಗದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡು. ರಾತ್ರಿ ಎರಡಾಗಿರಲಿ, ಮನೆಯಲ್ಲಿ ಬೀಗರಿರಲಿ. ಬಾಗಿಲಲ್ಲೇ "ನನಗ ಕೀಮೋ ನಡದದ, ಜ್ವರ ಬಂದದ" ಅಂತ ಗಟ್ಟಿಯಾಗಿ ಹೇಳು, ಸರದಿಯಲ್ಲಿ ಕೂರಬೇಡ. ಬೆಂಗಳೂರು ಬಸ್ಸು ಹತ್ತುವ ಯೋಚನೆಯೂ ಬೇಡ, ಅಷ್ಟು ಹೊತ್ತು ಇರುವುದಿಲ್ಲ. ರಾತ್ರಿಯಲ್ಲೂ ರಕ್ತ ಪರೀಕ್ಷೆ ಮಾಡಿ ನರಕ್ಕೆ ಆ್ಯಂಟಿಬಯೋಟಿಕ್ ಹಾಕುವ ಆಸ್ಪತ್ರೆ ಗಂಗಾವತಿಯಲ್ಲಿ ಯಾವುದು, ಅಲ್ಲಾಗದಿದ್ದರೆ ಕೊಪ್ಪಳವೋ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯೋ ಎಂದು ನಿನ್ನ ಗಂಡ ಈಗಲೇ ವಿಚಾರಿಸಿಡಲಿ. ಕೀಮೋ ಫೈಲು ಬೀರುವಿನಲ್ಲಿ ಅಡಗಿಸಿಡಬೇಡ, ನಿನ್ನ ಕೈಗೆ ಸಿಗುವಲ್ಲಿರಲಿ.

ಆ ಫೈಲಿನಲ್ಲಿ ನಿಶ್ಚಯದ ರಾತ್ರಿಯ ಜ್ವರ ಇರಲಿಕ್ಕಿಲ್ಲ. ಮೂರನೇ ಕೀಮೋಗೆ ಹೋದಾಗಲೂ ನೀನು ಡಾಕ್ಟರಿಗೆ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಬಿಳಿಕಣ ಏರಿಸುವ ಇಂಜೆಕ್ಷನ್ ಬೇಕೋ ಬೇಡವೋ ಎಂದು ಅವರು ಆಗಲೇ ನೋಡುತ್ತಿದ್ದರು. ಅದು ಕೊಟ್ಟರೆ ಎಲುಬು ನೋಯಬಹುದು, ಹೆದರಬೇಡ. ನಾಲ್ಕನೆಯದಕ್ಕೆ ಕಾಯದೆ ನಾಳೆ ಬೆಳಿಗ್ಗೆಯೇ ಫೋನ್ ಮಾಡು: ಜ್ವರ ಬಂದ ದಿನ, ಬೆರಳ ಜೋಮು, ಮದುವೆಯ ತಾರೀಖು, ಮೂರನ್ನೂ ಹೇಳು. ಮಾತಾಡುವಾಗ ನಿನ್ನ ಗಂಡ ಪಕ್ಕದಲ್ಲಿ ಕೂತು ಕೇಳಲಿ.